ಬಹುಮಾನ, ದಂಡನೆ ಮತ್ತು ಹದಿಹರೆಯದ ಅಸ್ವಸ್ಥ ಮನಸ್ಸು

ಮಕ್ಕಳನ್ನು ತಿದ್ದಿ ತೀಡುವುದಕ್ಕೆ ಮನುಷ್ಯನು ಬಹು ಹಿಂದಿನಿಂದಲೂ ಎರಡು ಉಪಾಯಗಳನ್ನು ನೆಚ್ಚಿಕೊಂಡು ಬಂದಿದ್ದಾನೆ. ಒಳ್ಳೆಯದನ್ನು ಮಾಡಿದಾಗ ಬೆನ್ನು ತಟ್ಟುವುದು ಒಂದು; ತಪ್ಪಿ ನಡೆದಾಗ ಕಿವಿ ಹಿಂಡುವುದು ಇನ್ನೊಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯೂ ಇದೇ ನಂಬಿಕೆಯಿಂದ ಹುಟ್ಟಿದ್ದು. ಹೆಚ್ಚಿನ ಮಕ್ಕಳ ವಿಷಯದಲ್ಲಿ ಈ ಎರಡು ಉಪಾಯಗಳೂ ಸಾಕಷ್ಟು ಫಲ ಕೊಡುತ್ತವೆ. ಆದರೆ ಹೊಗಳಿದರೂ ಅರಳದ, ಗದರಿಸಿದರೂ ತಿದ್ದಿಕೊಳ್ಳದ ಮಕ್ಕಳಿದ್ದಾರೆ. ಸಣ್ಣದೊಂದು ಮಾತಿಗೇ ಮುದುಡಿ ಹೋಗುವ ಮಕ್ಕಳೂ ಇದ್ದಾರೆ. ಇಂಥವರನ್ನು ಮೊಂಡರು, ಸೋಮಾರಿಗಳು, ಅಂಜುಬುರುಕರು ಎಂದು ಕರೆದು ಸುಮ್ಮನಾಗುವುದು ವಾಡಿಕೆ. ಇವರಲ್ಲಿ ಕೆಲವರಿಗಾದರೂ ಇರುವುದು ಸ್ವಭಾವದೋಷವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ ಎಂಬುದನ್ನು ಮನೋವಿಜ್ಞಾನವು ಈಗ ತೋರಿಸಿಕೊಟ್ಟಿದೆ.

ಈ ವಿಷಯವು ಮಹಾನಗರಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಇನ್ನೂ ಹತ್ತಿರದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇಕಡಾ 7.3 ಮಂದಿಗೆ ಒಂದಿಲ್ಲೊಂದು ಮಾನಸಿಕ ಅಸ್ವಸ್ಥತೆ ಕಂಡುಬಂದಿತು. ಗ್ರಾಮಾಂತರದಲ್ಲಿ ಈ ಪ್ರಮಾಣ ಶೇಕಡಾ 6.9 ಇದ್ದರೆ ಮಹಾನಗರಗಳಲ್ಲಿ ಶೇಕಡಾ 13.5 ಇದ್ದಿತು. ವಿಜಯಪುರ, ಕಲಬುರಗಿ, ಬೆಳಗಾವಿಗಳ ಕಡೆಯಿಂದ ಪುಣೆಗೆ ಬಂದು ಚಿಂಚವಡದ ಕಾರ್ಖಾನೆಗಳಲ್ಲಿಯೋ ಹಿಂಜವಡಿಯ ಕಚೇರಿಗಳಲ್ಲಿಯೋ ದುಡಿಯುವ ಪಾಲಕರು ಈ ಅಂಕಿಗಳನ್ನು ಗಮನಿಸುವುದು ಒಳ್ಳೆಯದು. ಊರಿನ ಮನೆಯಲ್ಲಿ ತಂದೆ ಗದರಿದರೆ ಸೆರಗಿನಲ್ಲಿ ಕಣ್ಣೊರೆಸುವ ಅಜ್ಜಿಯೊಬ್ಬಳು ಇರುತ್ತಿದ್ದಳು. ನಗರದ ಎರಡು ಕೋಣೆಗಳ ಮನೆಯಲ್ಲಿ ಅನೇಕ ವೇಳೆ ಗದರಿಕೆಯಷ್ಟೇ ಉಳಿದು, ಸಮಾಧಾನ ಹೇಳುವವರು ಇಲ್ಲವಾಗುತ್ತಾರೆ.

ಮಿದುಳಿನ ಲೆಕ್ಕಾಚಾರ

ಬಹುಮಾನ ಮತ್ತು ದಂಡನೆಗಳಿಗೆ ಮನಸ್ಸು ಎಷ್ಟರಮಟ್ಟಿಗೆ ಸ್ಪಂದಿಸುತ್ತದೆ ಎಂಬುದು ಎಲ್ಲರಲ್ಲೂ ಒಂದೇ ಸಮನಾಗಿರುವುದಿಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಜೆಫ್ರಿ ಗ್ರೇ ಅವರು 1970ರ ದಶಕದಿಂದಲೇ ಈ ಕುರಿತು ಒಂದು ಸಿದ್ಧಾಂತವನ್ನು ಬೆಳೆಸಿದರು. ಲಾಭದ ಕಡೆಗೆ ಮುನ್ನುಗ್ಗಿಸುವ ವ್ಯವಸ್ಥೆಯೊಂದು, ಅಪಾಯದ ಸುಳಿವು ಸಿಕ್ಕೊಡನೆ ತಡೆದು ನಿಲ್ಲಿಸುವ ವ್ಯವಸ್ಥೆ ಮತ್ತೊಂದು. ಇವೆರಡರ ಬಲಾಬಲಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತವೆ ಎಂಬುದು ಅದರ ಸಾರ.

ಮಿದುಳಿನ ಆಳದಲ್ಲಿರುವ ಸ್ಟ್ರೈಯೇಟಮ್ ಎಂಬ ಭಾಗವೂ ಡೋಪಮೀನ್ ಎಂಬ ರಾಸಾಯನಿಕವೂ ಈ ಕಾರ್ಯದಲ್ಲಿ ಮುಖ್ಯ ಪಾತ್ರ ವಹಿಸುತ್ತವೆ. ವುಲ್ಫ್ರಾಮ್ ಶುಲ್ಟ್ಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವು ಡೋಪಮೀನ್ ನರಕೋಶಗಳು ಒಂದು ಬಗೆಯ ಲೆಕ್ಕವಿಡುತ್ತವೆ ಎಂದು ತಿಳಿಸಿತು. ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ದೊರೆತರೆ ಅವು ಚುರುಕಾಗುತ್ತವೆ. ನಿರೀಕ್ಷಿಸಿದಷ್ಟೇ ದೊರೆತರೆ ಬದಲಾಗುವುದಿಲ್ಲ. ನಿರೀಕ್ಷಿಸಿದ್ದು ಕೈತಪ್ಪಿದರೆ ಮಂದವಾಗುತ್ತವೆ. ಈ ಏರಿಳಿತದ ಮೂಲಕವೇ ಯಾವುದನ್ನು ಮತ್ತೆ ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಜೀವಿಯು ಕಲಿಯುತ್ತದೆ. ಈ ಲೆಕ್ಕವು ತಪ್ಪಿದಲ್ಲಿ ಅನುಭವದಿಂದ ಪಾಠ ಕಲಿಯುವುದೇ ಕಠಿಣವಾಗುತ್ತದೆ.

ಹದಿಹರೆಯದಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಬಹುಮಾನಕ್ಕೆ ಸ್ಪಂದಿಸುವ ಭಾಗಗಳು ಈ ವಯಸ್ಸಿನಲ್ಲಿ ಬಹಳ ಚುರುಕಾಗಿರುತ್ತವೆ. ಅವನ್ನು ಹತೋಟಿಯಲ್ಲಿಡುವ ಮುಂಮಿದುಳು ಪೂರ್ತಿ ಪಕ್ವವಾಗುವುದು ಇಪ್ಪತ್ತರ ನಂತರ. 2005ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ವಾಹನ ನಡೆಸುವ ಆಟವೊಂದರ ಮೂಲಕ ಪರೀಕ್ಷಿಸಿದಾಗ, ಗೆಳೆಯರು ಪಕ್ಕದಲ್ಲಿದ್ದರೆ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಈ ವಯಸ್ಸಿನವರಿಗೆ ಗೆಳೆಯರ ಮೆಚ್ಚುಗೆಯೇ ದೊಡ್ಡ ಬಹುಮಾನ, ಅವರ ತಿರಸ್ಕಾರವೇ ದೊಡ್ಡ ದಂಡನೆ.

ಕಾಯಿಲೆಗೊಂದು ರೀತಿ

ಖಿನ್ನತೆಯಲ್ಲಿ ಬಹುಮಾನದ ಆಕರ್ಷಣೆಯೇ ಕುಂದುತ್ತದೆ. ಪ್ರಿಯವಾದ ಆಟ, ಊಟ, ಹಾಡು, ಸ್ನೇಹ ಯಾವುದೂ ಬೇಡವಾಗುತ್ತದೆ. ಯುರೋಪಿನ ಇಮಾಜೆನ್ ಎಂಬ ಅಧ್ಯಯನದಲ್ಲಿ 14 ವರ್ಷದ ಸುಮಾರು 2000 ಮಕ್ಕಳನ್ನು ಪರೀಕ್ಷಿಸಲಾಯಿತು. ಖಿನ್ನತೆಯುಳ್ಳವರಲ್ಲಿ ಬಹುಮಾನವನ್ನು ಎದುರುನೋಡುವ ಗಳಿಗೆಯಲ್ಲಿ ಸ್ಟ್ರೈಯೇಟಮಿನ ಚಟುವಟಿಕೆ ಕಡಿಮೆ ಇದ್ದಿತೆಂದೂ, ಆಗ ಆರೋಗ್ಯವಾಗಿದ್ದವರಲ್ಲಿಯೂ ಈ ಕೊರತೆಯು ಎರಡು ವರ್ಷಗಳ ನಂತರದ ಖಿನ್ನತೆಯನ್ನು ಸೂಚಿಸಿತೆಂದೂ 2015ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಇಂಥ ಹುಡುಗನಿಗೆ ‘ಶೇಕಡಾ ತೊಂಬತ್ತು ಅಂಕ ತೆಗೆದರೆ ಬೈಕು ಕೊಡಿಸುತ್ತೇವೆ’ ಎಂದರೆ ಅವನಲ್ಲಿ ಉತ್ಸಾಹ ಹುಟ್ಟದು. ಅದು ಅವನ ಉದ್ಧಟತನವಲ್ಲ.

ಆತಂಕದ ಕಾಯಿಲೆಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ದಂಡನೆಯ ಮುನ್ಸೂಚನೆಗೆ ಮನಸ್ಸು ಮಿತಿಮೀರಿ ಸ್ಪಂದಿಸುತ್ತದೆ. ಶಿಕ್ಷಕರು ಹುಬ್ಬು ಗಂಟಿಕ್ಕಿದರೆ ಸಾಕು, ಹುಡುಗಿಯು ಮರುದಿನ ಹೊಟ್ಟೆನೋವೆಂದು ಶಾಲೆಗೆ ಹೋಗಲೊಲ್ಲಳು. ತಪ್ಪಿಸಿಕೊಂಡೊಡನೆ ದೊರೆಯುವ ನೆಮ್ಮದಿಯೇ ಅವಳಿಗೆ ಬಹುಮಾನವಾಗಿ, ತಪ್ಪಿಸಿಕೊಳ್ಳುವ ಅಭ್ಯಾಸ ಬೇರೂರುತ್ತದೆ. ಇಲ್ಲಿ ಗದರಿಕೆಯು ಉರಿಯುವ ಬೆಂಕಿಗೆ ಎಣ್ಣೆಯಾಗುತ್ತದೆ.

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಕಾಯಿಲೆಯಲ್ಲಿ, ಎಂದರೆ ಎ.ಡಿ.ಎಚ್.ಡಿ.ಯಲ್ಲಿ, ಬಹುಮಾನ ಬೇಕು; ಆದರೆ ಈಗಲೇ ಬೇಕು. ವರ್ಷದ ಕೊನೆಗೆ ಬರುವ ಫಲಕ್ಕಿಂತ ಈ ಗಳಿಗೆಯ ಚಿಕ್ಕ ಲಾಭವೇ ಇಂಥ ಮಗುವಿಗೆ ದೊಡ್ಡದಾಗಿ ತೋರುತ್ತದೆ. ಕಾಯುವುದೇ ಅದಕ್ಕೆ ಸಹಿಸಲಾರದ ಹಿಂಸೆ ಎಂಬುದನ್ನು ಎಡ್ಮಂಡ್ ಸೋನುಗಾ-ಬಾರ್ಕ್ ಅವರು 1992ರಿಂದ ಪ್ರತಿಪಾದಿಸುತ್ತ ಬಂದಿದ್ದಾರೆ.

ನಡತೆಯ ಗಂಭೀರ ತೊಂದರೆಯುಳ್ಳ ಕೆಲವು ಮಕ್ಕಳಲ್ಲಿ, ಅದರಲ್ಲಿಯೂ ಪರರ ನೋವಿಗೆ ಮನಕರಗದವರಲ್ಲಿ, ದಂಡನೆಯ ಪರಿಣಾಮ ತೀರ ಕಡಿಮೆ. ಪೆಟ್ಟಿನ ಮೇಲೆ ಪೆಟ್ಟು ಬಿದ್ದರೂ ಅವರು ಪಾಠ ಕಲಿಯುವುದಿಲ್ಲ. ಪೆಟ್ಟು ಹೆಚ್ಚಿಸಿದಷ್ಟೂ ಮನೆಯವರೊಂದಿಗಿನ ನಂಟು ಹರಿಯುತ್ತದೆ. ಪ್ರೀತಿ ಮತ್ತು ಪ್ರೋತ್ಸಾಹಗಳ ಮಾರ್ಗವೇ ಇಲ್ಲಿ ಹೆಚ್ಚು ಆಶಾದಾಯಕ.

ಇವೆಲ್ಲ ಗುಂಪುಗಳನ್ನು ಹೋಲಿಸಿ ಕಂಡುಕೊಂಡ ಸಾಮಾನ್ಯ ಸಂಗತಿಗಳು. ಒಬ್ಬನಲ್ಲಿಯೇ ಎರಡು ಕಾಯಿಲೆಗಳಿರಬಹುದು. ಮಿದುಳಿನ ಚಿತ್ರ ತೆಗೆದು ಕಾಯಿಲೆಯನ್ನು ನಿರ್ಣಯಿಸುವ ಕಾಲವಂತೂ ಇನ್ನೂ ಬಂದಿಲ್ಲ. ನುರಿತ ಮನೋವೈದ್ಯರ ಪರೀಕ್ಷೆಯೇ ಪ್ರಮಾಣ.

ಕರ್ನಾಟಕದ ಕೊಡುಗೆ

ಪಾಶ್ಚಾತ್ಯ ದೇಶಗಳ ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನು ಇಲ್ಲಿಯ ಮಕ್ಕಳಿಗೆ ಹಾಗೆಯೇ ಅನ್ವಯಿಸಲಾಗದು. ಈ ಕೊರತೆಯನ್ನು ತುಂಬಲು ಭಾರತ ಮತ್ತು ಬ್ರಿಟನ್ ಜೊತೆಗೂಡಿ ಸಿ-ವೇದ ಎಂಬ ಅಧ್ಯಯನವನ್ನು ಕೈಗೊಂಡವು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಬೆಂಗಳೂರು, ಮೈಸೂರುಗಳಲ್ಲದೆ ಚಂಡೀಗಢ, ಕೋಲ್ಕತ, ಇಂಫಾಲ, ರಿಷಿ ವ್ಯಾಲಿಗಳಲ್ಲಿಯೂ 6ರಿಂದ 23 ವಯಸ್ಸಿನ ಸಾವಿರಾರು ಮಕ್ಕಳು ಮತ್ತು ತರುಣರು ಇದರಲ್ಲಿ ಭಾಗವಹಿಸಿದ್ದಾರೆ. ಮನೆಯ ಪರಿಸರ, ಬಾಲ್ಯದ ಕಷ್ಟಗಳು, ಮನೋಧರ್ಮ, ಮಿದುಳಿನ ಬೆಳವಣಿಗೆ ಇವೆಲ್ಲ ಕೂಡಿ ದುಡುಕುತನ ಮತ್ತು ವ್ಯಸನಗಳಿಗೆ ಹೇಗೆ ದಾರಿಯಾಗುತ್ತವೆ ಎಂಬುದನ್ನು ಅರಿಯುವುದು ಅದರ ಉದ್ದೇಶ.

ಪಾಲಕರು ಅನುಸರಿಸಬಹುದಾದ ಕ್ರಮಗಳು

ಮೊದಲನೆಯದಾಗಿ, ದೈಹಿಕ ದಂಡನೆಯನ್ನು ಪೂರ್ತಿಯಾಗಿ ಕೈಬಿಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಾಲೆಗೆ ಸಲ್ಲದ್ದು ಮನೆಗೂ ಸಲ್ಲದು.

ಎರಡನೆಯದಾಗಿ, ಮೆಚ್ಚುಗೆಯು ಕೂಡಲೇ ದೊರೆಯಬೇಕು, ನಿರ್ದಿಷ್ಟವಾಗಿರಬೇಕು. ‘ಜಾಣ’ ಎನ್ನುವುದಕ್ಕಿಂತ ‘ಇಪ್ಪತ್ತು ನಿಮಿಷ ಏಳದೆ ಕುಳಿತು ಲೆಕ್ಕ ಮುಗಿಸಿದೆ’ ಎನ್ನುವುದು ಹೆಚ್ಚು ಫಲಕಾರಿ. ಅತಿಚಟುವಟಿಕೆಯ ಮಗುವಿಗೆ ದೊಡ್ಡ ಕೆಲಸವನ್ನು ತುಂಡು ತುಂಡಾಗಿ ಹಂಚಿ, ಪ್ರತಿಯೊಂದು ತುಂಡಿಗೂ ಪುಟ್ಟ ಬಹುಮಾನ ಕೊಡುವುದು ಯುಕ್ತ. ಅವಶ್ಯವಿದ್ದಲ್ಲಿ ವೈದ್ಯರು ಔಷಧವನ್ನೂ ಕೊಡುತ್ತಾರೆ.

ಮೂರನೆಯದಾಗಿ, ಖಿನ್ನತೆಯಲ್ಲಿ ಉತ್ಸಾಹ ಬರಲೆಂದು ಕಾಯದೆ ಸಣ್ಣ ಚಟುವಟಿಕೆಗಳಿಂದ ಆರಂಭಿಸಬೇಕು. ಸಂಜೆ ತಂದೆಯೊಡನೆ ಹತ್ತು ನಿಮಿಷದ ತಿರುಗಾಟವೂ ಒಂದು ಮೆಟ್ಟಿಲೇ. ಆತಂಕದಲ್ಲಿ ಭಯಪಡುವ ಸನ್ನಿವೇಶವನ್ನು ವೈದ್ಯರ ಸಲಹೆಯಂತೆ ಹಂತ ಹಂತವಾಗಿ ಎದುರಿಸಲು ನೆರವಾಗಬೇಕು. ಸದಾ ತಪ್ಪಿಸಿಕೊಳ್ಳಲು ಬಿಡುವುದೂ ಸಲ್ಲದು, ಒಮ್ಮೆಲೇ ನೂಕುವುದೂ ಸಲ್ಲದು.

ನಾಲ್ಕನೆಯದಾಗಿ, ಹೋಲಿಕೆಯನ್ನು ಬಿಡಬೇಕು. ನೆರೆಮನೆಯ ಹುಡುಗನ ಅಂಕಪಟ್ಟಿಯನ್ನು ಎತ್ತಿ ಆಡುವುದೂ ‘ಊರಿನವರು ಏನೆಂದಾರು’ ಎಂಬ ಮಾತೂ ಎಳೆಯ ಮನಸ್ಸಿಗೆ ಬೆತ್ತಕ್ಕಿಂತ ಕಡಿಮೆಯಾದ ಪೆಟ್ಟಲ್ಲ.

ನೆರವು ಎಲ್ಲಿ?

ಎರಡು ವಾರಗಳಿಗೂ ಮಿಕ್ಕಿ ನಿದ್ರೆ, ಹಸಿವು, ಓದು, ಸ್ನೇಹಗಳಲ್ಲಿ ಎದ್ದು ಕಾಣುವ ಬದಲಾವಣೆ ಉಳಿದರೆ ವೈದ್ಯರನ್ನು ಕಾಣುವುದು ಒಳಿತು. ಸಾವಿನ ಮಾತು ಬಾಯಿಗೆ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಅಂದೇ ನೆರವು ಪಡೆಯಬೇಕು. ಪುಣೆಯಲ್ಲಿ ಸಸೂನ್ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಯೆರವಡಾದಲ್ಲಿ ಸರ್ಕಾರಿ ಪ್ರಾದೇಶಿಕ ಮನೋರುಗ್ಣಾಲಯವಿದೆ. ಬಹುಮಾನದ ಸೆಳೆತವೇ ದಾರಿ ತಪ್ಪಿ ಮಾದಕವಸ್ತುಗಳಿಗೆ ಅಂಟಿಕೊಂಡವರಿಗಾಗಿ ಡಾ. ಅನಿಲ್ ಅವಚಟ್ ಮತ್ತು ಡಾ. ಸುನಂದಾ ಅವಚಟ್ ದಂಪತಿಗಳು 1986ರಲ್ಲಿ ಸ್ಥಾಪಿಸಿದ ಮುಕ್ತಾಂಗಣ ಕೇಂದ್ರವೂ ಇಲ್ಲಿಯೇ ಇದೆ. ಅಕ್ಟೋಬರ್ 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಮನಸ್ಸಿನ ನೋವನ್ನು ಮರಾಠಿಯಲ್ಲಿ ಹೇಳಿಕೊಳ್ಳಲು ಹಿಂಜರಿಯುವ ತಾಯಂದಿರಿಗೆ ಆ ಸೇವೆಯ ಭಾಷೆಗಳಲ್ಲಿ ಕನ್ನಡವೂ ಉಂಟೆಂಬುದು ಸಮಾಧಾನದ ಸಂಗತಿ.

ಮಗನಿಗೆ ಹದಿನಾರು ತುಂಬಿದ ಮೇಲೆ ಮಿತ್ರನಂತೆ ಕಾಣಬೇಕೆಂದು ಹಿರಿಯರು ಹೇಳಿದ್ದರು. ಕಾಯಿಲೆಯಿಂದ ನರಳುವ ಮಗುವಿನ ವಿಷಯದಲ್ಲಿ ಅಷ್ಟು ಕಾಲ ಕಾಯಬೇಕಾಗಿಲ್ಲ. ಯಾವ ಮಾತಿಗೆ ಅದರ ಮುಖ ಅರಳುತ್ತದೆ, ಯಾವ ಮಾತಿಗೆ ಬಾಡುತ್ತದೆ ಎಂಬುದನ್ನು ತಾಳ್ಮೆಯಿಂದ ಗಮನಿಸಿ ವೈದ್ಯರಿಗೆ ತಿಳಿಸುವ ಪಾಲಕರು ಚಿಕಿತ್ಸೆಯ ಅರ್ಧ ಭಾರವನ್ನು ತಾವೇ ಹೊತ್ತಂತಾಗುತ್ತದೆ.