ಒಂದೇ ಹಾರ್ಮೋನಿಕಾ, ಹಲವು ಷಡ್ಜ

ಹಾಡುವವರ ಶ್ರುತಿ ಬಿಳಿ ಐದು, ಅಂದರೆ ಜಿ. ನಿಮ್ಮ ಕೈಯಲ್ಲಿರುವುದು ಸಿ ಹಾರ್ಮೋನಿಕಾ. ‘ಹಾಗಾದರೆ ಇನ್ನೊಂದು ಕೊಳ್ಳಲೇಬೇಕಾ?’ ಎಂದು ಕಲಿಯಲು ಬಂದವರು ಬೇಗನೆ ಕೇಳುತ್ತಾರೆ. ಕೊಳ್ಳದೆಯೂ ನಡೆಯಬಹುದು. ಆದರೆ ಅದನ್ನು ತೀರ್ಮಾನಿಸುವುದು ಹಾಡುವವರ ಶ್ರುತಿಯಲ್ಲ, ಹಾಡಿನ ರಾಗ. ಯಾಕೆ ಅಂತ ನೋಡೋಣ.

ಇಲ್ಲಿ ಹೇಳುವುದೆಲ್ಲ ಹತ್ತು ರಂಧ್ರದ ಡಯಾಟೊನಿಕ್ ಹಾರ್ಮೋನಿಕಾಕ್ಕೆ ಮಾತ್ರ. ಹೋನರ್ ಕಂಪನಿಯ ‘ಮರೀನ್ ಬ್ಯಾಂಡ್’ 1896ರಿಂದಲೂ ಇದೇ ಜಾತಿಯದು. ನಮ್ಮ ಅಂಗಡಿಗಳಲ್ಲಿ ಮೌತ್ ಆರ್ಗನ್ ಕೇಳಿದರೆ ಎರಡು ಸಾಲು ರಂಧ್ರಗಳ ಟ್ರೆಮೊಲೊ ಕೊಡುವುದುಂಟು. ಅದರ ದನಿ ಚೆಂದ, ಆದರೆ ಸ್ವರಗಳ ಜೋಡಣೆ ಬೇರೆ. ಅದನ್ನು ಹಿಡಿದುಕೊಂಡು ಈ ಪಾಠ ಓದಿದರೆ ತಲೆ ಕೆಡುತ್ತದೆ.

ಸಿ ಹಾರ್ಮೋನಿಕಾದ ನಾಲ್ಕನೇ ರಂಧ್ರ ಊದಿ: ಸ. ಅದನ್ನೇ ಸೆಳೆಯಿರಿ: ರಿ. ಐದು ಊದಿದರೆ ಗ, ಸೆಳೆದರೆ ಮ. ಆರು ಊದಿದರೆ ಪ, ಸೆಳೆದರೆ ದ. ಏಳರಲ್ಲಿ ಕ್ರಮ ತಿರುವುಮುರುವು: ಮೊದಲು ಸೆಳೆದು ನಿ, ಆಮೇಲೆ ಊದಿ ಮೇಲಿನ ಸ. ಹೊಸಬರು ಎಡವುವುದು ಸರಿಯಾಗಿ ಇಲ್ಲೇ. ಹೀಗೆ ಬಂದದ್ದು ಶಂಕರಾಭರಣದ ಪೂರ್ತಿ ಆರೋಹಣ; ಪಾಶ್ಚಾತ್ಯರ ಮೇಜರ್ ಸ್ಕೇಲ್. ಇದೇ ಫಸ್ಟ್ ಪೊಸಿಷನ್.

ನಡುವಿನ ಸ್ಥಾಯಿಯಲ್ಲಿ ಮಾತ್ರ ಇಷ್ಟು ಸಲೀಸು. ಒಂದರಿಂದ ನಾಲ್ಕರವರೆಗಿನ ಮಂದ್ರದಲ್ಲಿ ಮ ಮತ್ತು ದ ಇಲ್ಲವೇ ಇಲ್ಲ. ಮೇಲಿನ ಸ್ಥಾಯಿಯಲ್ಲಿ ನಿ ಇಲ್ಲ. ತಯಾರಕರು ಮರೆತದ್ದಲ್ಲ. ಒಂದು, ಎರಡು, ಮೂರು ರಂಧ್ರಗಳನ್ನು ಒಟ್ಟಿಗೆ ಊದಿದರೆ ಸಿ ಕಾರ್ಡ್, ಸೆಳೆದರೆ ಜಿ ಕಾರ್ಡ್ ಕೇಳಬೇಕೆಂದು ಆ ಸ್ವರಗಳನ್ನು ಬಲಿ ಕೊಟ್ಟಿದ್ದಾರೆ. ಹಾಡಿಗೆ ತಾನೇ ಪಕ್ಕವಾದ್ಯವೂ ಆಗುವ ವಾದ್ಯ ಅವರ ಮನಸ್ಸಿನಲ್ಲಿತ್ತು.

ಈಗ ಪೊಸಿಷನ್. ವಾದ್ಯ ಅದೇ, ಸ್ವರಗಳೂ ಅವೇ. ಯಾವುದನ್ನು ಸ ಎಂದು ಹಿಡಿಯುತ್ತೀರಿ ಎನ್ನುವುದಷ್ಟೇ ಬದಲಾಗುತ್ತದೆ. ಕರ್ನಾಟಕ ಸಂಗೀತ ಕಲಿತವರು ‘ಇದು ಗ್ರಹಭೇದ ಅಲ್ವಾ?’ ಎನ್ನುತ್ತಾರೆ. ಅದೇ. ಎಣಿಕೆ ಮಾತ್ರ ಷಡ್ಜ-ಪಂಚಮದ ಲೆಕ್ಕದಲ್ಲಿ ಸಾಗುತ್ತದೆ. ಸಿ ಒಂದನೆಯದು. ಅದರ ಪಂಚಮ ಜಿ ಎರಡನೆಯದು, ಜಿಯ ಪಂಚಮ ಡಿ ಮೂರನೆಯದು, ಆಮೇಲೆ ಎ, ಇ. ಹೀಗೆ ಸುತ್ತಿ ಹನ್ನೆರಡನೆಯದಾಗಿ ಎಫ್‌ಗೆ ಬಂದು ನಿಲ್ಲುತ್ತದೆ.

ಸ ಬದಲಾದ ಕೂಡಲೇ ರಾಗವೂ ಬದಲಾಗುತ್ತದೆ. ಜಿಯಿಂದ ಹೊರಟರೆ ಹರಿಕಾಂಭೋಜಿ, ಹಿಂದೂಸ್ತಾನಿಯ ಖಮಾಜ್ ಥಾಟ್. ಡಿಯಿಂದ ಖರಹರಪ್ರಿಯ, ಅಂದರೆ ಕಾಫಿ ಥಾಟ್. ಎಯಿಂದ ನಟಭೈರವಿ, ಇಯಿಂದ ಹನುಮತೋಡಿ, ಎಫ್‌ನಿಂದ ಮೇಚಕಲ್ಯಾಣಿ. ಬಿಯಿಂದ ಹೊರಟರೆ ಶುದ್ಧ ಪಂಚಮವೇ ಸಿಗುವುದಿಲ್ಲ, ಹಾಗಾಗಿ ಮೇಳಕರ್ತ ರಾಗವಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಗಾಯಕಿ ಜಿಯಲ್ಲಿ ಹಾಡುತ್ತಿರುವುದು ಖಮಾಜ್ ಛಾಯೆಯ ಹಾಡಾದರೆ ನಿಮ್ಮ ಸಿ ಹಾರ್ಮೋನಿಕಾ ಸಾಕು. ಶಂಕರಾಭರಣದ್ದಾದರೆ ಜಿ ಹಾರ್ಮೋನಿಕಾ ಬೇಕು. ಖರಹರಪ್ರಿಯದ್ದಾದರೆ ಎಫ್: ಎಫ್‌ನ ಪಂಚಮ ಸಿ, ಸಿಯ ಪಂಚಮ ಜಿ, ಆದ್ದರಿಂದ ಅದು ಮೂರನೇ ಪೊಸಿಷನ್.

ಹೊರಗೆ ಅತಿ ಹೆಚ್ಚು ಬಳಕೆಯಲ್ಲಿರುವುದು ಎರಡನೆಯದು. ಅಮೆರಿಕದ ಬ್ಲೂಸ್ ಹೆಚ್ಚುಕಡಿಮೆ ಅದರ ಮೇಲೇ ನಿಂತಿದೆ. ಲಿಟಲ್ ವಾಲ್ಟರ್ 1952ರಲ್ಲಿ ಹೆಸರು ಮಾಡಿದ ‘ಜೂಕ್’ ಎ ಹಾರ್ಮೋನಿಕಾದಲ್ಲಿ ಇ ಶ್ರುತಿಗೆ ನುಡಿಸಿದ್ದು. ಕಾರಣ ಸರಳ. ಕೆಳಗಿನ ರಂಧ್ರಗಳಲ್ಲಿ ಸೆಳೆದ ಸ್ವರವನ್ನು ಬಾಯೊಳಗಿನ ಆಕಾರ ಬದಲಿಸಿ ಕೆಳಕ್ಕೆ ಬಗ್ಗಿಸಬಹುದು. ಇದನ್ನು ಬೆಂಡ್ ಎನ್ನುತ್ತಾರೆ. ಎರಡನೇ ಪೊಸಿಷನ್ನಿನಲ್ಲಿ ಸ, ಗ, ಪ ಮೂರೂ ಸೆಳೆದೇ ಸಿಗುತ್ತವೆ: ಎರಡು, ಮೂರು, ನಾಲ್ಕು ರಂಧ್ರಗಳು. ಆದರೆ ಮಂದ್ರದಲ್ಲಿ ಅಲ್ಲಿನ ರಿ, ಅಂದರೆ ಎ ಸ್ವರ, ನೇರವಾಗಿಲ್ಲ. ಮೂರನೇ ರಂಧ್ರ ಸೆಳೆದು ಪೂರಾ ಒಂದು ಸ್ವರದಷ್ಟು ಬಗ್ಗಿಸಬೇಕು. ಇದು ವಾರದಲ್ಲಿ ಬರುವ ವಿದ್ಯೆಯಲ್ಲ. ಎರಡನೇ ರಂಧ್ರ ಸೆಳೆದಾಗ ಉಸಿರು ಕಟ್ಟಿದಂತೆ ದನಿ ಮಂಕಾದರೆ ವಾದ್ಯ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮಗೇ ತಿಳಿಯದೆ ಬಗ್ಗಿಸುತ್ತಿದ್ದೀರಿ. ದವಡೆ ಸಡಿಲ ಬಿಟ್ಟು, ಹೊಟ್ಟೆಯಿಂದ ಮೆಲ್ಲಗೆ ಎಳೆಯಿರಿ.

ಅದಕ್ಕೇ ನಮ್ಮ ಕಿವಿಯವರಿಗೆ ನಾನು ಒಂದರ ನಂತರ ಮೂರನೆಯದನ್ನೇ ಹೇಳಿಕೊಡುತ್ತೇನೆ, ಪುಸ್ತಕಗಳ ಕ್ರಮ ಏನೇ ಇರಲಿ. ನಾಲ್ಕು ಸೆಳೆಯುವಲ್ಲಿಂದ ಎಂಟು ಸೆಳೆಯುವವರೆಗೆ ಖರಹರಪ್ರಿಯದ ಎಂಟೂ ಸ್ವರ ಒಂದೂ ಬೆಂಡ್ ಇಲ್ಲದೆ ಸಾಲಾಗಿ ಸಿಗುತ್ತವೆ. ಊದುವ ಬಾಯಿಗೆ ಅಂಟಿಕೊಂಡ ಷಡ್ಜ ಮೊದಲ ಸಲ ಸೆಳೆಯುವ ಕಡೆಗೆ ಬರುತ್ತದೆ. ಆ ಅಭ್ಯಾಸ ಆದ ಮೇಲೆ ಎರಡನೆಯದು ಅಷ್ಟು ಗಾಬರಿ ಹುಟ್ಟಿಸುವುದಿಲ್ಲ.

ಕೈಯಲ್ಲಿ ವಾದ್ಯವಿದ್ದರೆ ಈಗಲೇ ಇದನ್ನು ನುಡಿಸಿ ನೋಡಿ. ಮೋಹನ: ನಾಲ್ಕು ಊದಿ, ನಾಲ್ಕು ಸೆಳೆದು, ಐದು ಊದಿ, ಆರು ಊದಿ, ಆರು ಸೆಳೆದು, ಏಳು ಊದಿ. ಈಗ ಐದು ಸೆಳೆಯುವಲ್ಲಿಂದ ಶುರು ಮಾಡಿ: ಐದು ಸೆಳೆದು, ಆರು ಊದಿ, ಆರು ಸೆಳೆದು, ಏಳು ಊದಿ, ಎಂಟು ಸೆಳೆದು, ಒಂಬತ್ತು ಸೆಳೆದು. ಮತ್ತೆ ಮೋಹನವೇ, ಆದರೆ ಎಫ್ ಶ್ರುತಿಯಲ್ಲಿ. ಆರು ಊದುವಲ್ಲಿಂದ: ಆರು ಊದಿ, ಆರು ಸೆಳೆದು, ಏಳು ಸೆಳೆದು, ಎಂಟು ಸೆಳೆದು, ಎಂಟು ಊದಿ, ಒಂಬತ್ತು ಊದಿ. ಇದು ಜಿಯ ಮೋಹನ. ರಾಗ ಕೆಡದೆ ಮೂರು ಶ್ರುತಿ ದಕ್ಕಿತು. ಮೋಹನದಲ್ಲಿ ಮಧ್ಯಮ, ನಿಷಾದ ಇಲ್ಲದಿರುವುದೇ ಇಲ್ಲಿ ಅನುಕೂಲ. ಮೂರು ಕಡೆಯಿಂದ ಹೊರಟರೂ ತಕರಾರು ಎಬ್ಬಿಸುವ ಸ್ವರ ದಾರಿಗೆ ಬರುವುದೇ ಇಲ್ಲ. ಸ್ವರ ಕಡಿಮೆಯಿದ್ದಷ್ಟೂ ಶ್ರುತಿ ಬದಲಿಸುವುದು ಹಗುರ.

ಇನ್ನೊಂದು ಆಟ. ಮೊದಲ ಮೋಹನದ ಸ್ವರಗಳನ್ನೇ ಇಟ್ಟುಕೊಂಡು ನಾಲ್ಕು ಸೆಳೆಯುವ ಸ್ವರವನ್ನು ಸ ಮಾಡಿ, ಎಂಟು ಸೆಳೆಯುವವರೆಗೆ ಹೋಗಿ: ಮಧ್ಯಮಾವತಿ. ಐದು ಊದುವ ಸ್ವರದಿಂದ ಎಂಟು ಊದುವವರೆಗೆ: ಹಿಂದೋಳ. ಹಿನ್ನೆಲೆಯಲ್ಲಿ ತಂಬೂರಿ ಆ್ಯಪ್ ಇಟ್ಟುಕೊಳ್ಳಿ, ಪ್ರತಿ ಸಲ ಅದರ ಶ್ರುತಿಯನ್ನೂ ಬದಲಿಸಿ. ಹಿಂದೋಳಕ್ಕೆ ಪಂಚಮದ ಬದಲು ಮಧ್ಯಮದ ತಂತಿ ಇರಲಿ. ಇಲ್ಲದಿದ್ದರೆ ಕಿವಿ ಹಳೆಯ ಷಡ್ಜಕ್ಕೇ ಜೋತುಬಿದ್ದು ಎಲ್ಲವೂ ಮೋಹನವಾಗಿಯೇ ಕೇಳುತ್ತದೆ.

ಒಂದು ಎಚ್ಚರಿಕೆ. ಐದನೇ ಪೊಸಿಷನ್ನಿನಲ್ಲಿ ತೋಡಿಯ ಸ್ವರಗಳಿವೆ ಎಂದರೆ ತೋಡಿ ಇದೆ ಎಂದಲ್ಲ. ಲೋಹದ ಪೀಪಿಗೆ ಬೆಂಡ್ ಗೊತ್ತು, ನಮ್ಮ ಗಮಕ ಗೊತ್ತಿಲ್ಲ. ಅದರಲ್ಲೂ ಬೆಂಡ್ ಎಲ್ಲ ರಂಧ್ರಗಳಲ್ಲೂ ಆಗುವುದಿಲ್ಲ: ಸೆಳೆತದಲ್ಲಿ ಒಂದು, ಎರಡು, ಮೂರು, ನಾಲ್ಕು, ಆರು, ಊದುವಾಗ ಎಂಟು, ಒಂಬತ್ತು, ಹತ್ತು. ನಡುವಿನ ಐದು ಮತ್ತು ಏಳು ಹೆಚ್ಚುಕಡಿಮೆ ಜಗ್ಗುವುದೇ ಇಲ್ಲ. ಭಾವಗೀತೆ, ಜನಪದ ಧಾಟಿ, ಸಿನಿಮಾ ಹಾಡಿನ ಸರಳ ಚರಣಗಳಿಗೆ ಇದು ಒಗ್ಗುತ್ತದೆ. ಒಂದೇ ಸಾಲಿನಲ್ಲಿ ಎರಡು ಗಾಂಧಾರ ಬರುವ ಹಾಡಾದರೆ ಪಕ್ಕದಲ್ಲಿ ಗುಂಡಿ ಇರುವ ಕ್ರೊಮ್ಯಾಟಿಕ್ ಹಾರ್ಮೋನಿಕಾ ಹುಡುಕುವುದೇ ವಾಸಿ.