ಹತ್ತನೇ ತರಗತಿ ಆಯಿತು, ಮುಂದೆ?

ನಮ್ಮೂರ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿಯರು ಏನು ಮಾಡುತ್ತಾರೆ? ಕೆಲವರು ಪಿಯುಸಿಗೆ ಸೇರುತ್ತಾರೆ. ಕೆಲವರು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಕೆಲವರಿಗೆ ಮನೆಯಲ್ಲಿ ಗಂಡು ಹುಡುಕಲು ಶುರು ಮಾಡುತ್ತಾರೆ. 18 ವರ್ಷ ತುಂಬದೆ ಮದುವೆ ಮಾಡಬಾರದು ಅಂತ ಗೊತ್ತಿದ್ದೂ ಹುಡುಕುತ್ತಾರೆ. ಇನ್ನೊಂದು ದಾರಿ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಒಂದು ದಿನ ಮೇಷ್ಟ್ರು ಮಕ್ಕಳನ್ನು ತಾಲ್ಲೂಕಿನ ಐಟಿಐಗೆ ಕರೆದುಕೊಂಡು ಹೊರಟರು. "ತಾಯಂದಿರೂ ಬನ್ನಿ" ಎಂದರು. ನಮ್ಮ ಕಲಿಕಾ ಕೇಂದ್ರದಿಂದ ಆರು ಮಂದಿ ಹೋದೆವು. ಐಟಿಐ ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ. ಯಂತ್ರದ ಕೆಲಸ ಕಲಿಸುವ ಶಾಲೆ.

ಕುಲುಮೆ, ಸುತ್ತಿಗೆ, ಮೈತುಂಬ ಮಸಿ ಇರುತ್ತೆ ಅಂದುಕೊಂಡಿದ್ದೆವು. ಅಲ್ಲಿ ಕಂಡದ್ದು ಬೀರುವಿನಂಥ ದೊಡ್ಡ ಪೆಟ್ಟಿಗೆ. ಅದಕ್ಕೆ ಗಾಜಿನ ಬಾಗಿಲು. ಪಕ್ಕದಲ್ಲಿ ಟಿವಿಯಂಥ ಪರದೆ, ಗುಂಡಿಗಳು. ಅದರ ಹೆಸರು ಸಿಎನ್‌ಸಿ ಯಂತ್ರ. ಕಂಪ್ಯೂಟರ್ ಹೇಳಿದ ಅಳತೆಗೆ ಅದು ಲೋಹವನ್ನು ಕೊರೆಯುತ್ತದೆ. ಪಂಪ್‌ಸೆಟ್ಟಿನಿಂದ ವಿಮಾನದವರೆಗೆ ಬಿಡಿಭಾಗ ಮಾಡಲು ಇಂಥ ಯಂತ್ರ ಬೇಕು.

ಕಲಿಸುವವರು ಪರದೆ ತೋರಿಸಿದರು. ಎಂ03 ಎಂದು ಬರೆದರೆ ಯಂತ್ರ ತಿರುಗುತ್ತದೆ. ಜಿ01 ಎಂದರೆ ನೇರ ಗೆರೆಯಲ್ಲಿ ಕೊರೆಯುತ್ತಾ ಹೋಗುತ್ತದೆ. ಎಂ30 ಎಂದರೆ ಕೆಲಸ ಮುಗಿಯಿತು.

"ಅಯ್ಯೋ, ಯಂತ್ರಕ್ಕೂ ಓದಕ್ಕೆ ಬರುತ್ತೆ ಕಣ್ರೇ!" ಎಂದಳು ನಮ್ಮಲ್ಲೊಬ್ಬಳು. ಎಲ್ಲರೂ ನಕ್ಕೆವು.

ಆಮೇಲೆ ಅವರು ನಮ್ಮ ತಲೆಕೂದಲು ಒಂದು ಕೇಳಿದರು. ಮೈಕ್ರೋಮೀಟರ್ ಎಂಬ ಸಾಧನದಲ್ಲಿ ಇಟ್ಟು ಅಳೆದರು. 0.07 ಮಿಲಿಮೀಟರ್ ಬಂತು. ಮಕ್ಕಳ ಸ್ಕೇಲಿನಲ್ಲಿ ಒಂದು ಸಣ್ಣ ಗೆರೆಯಿಂದ ಇನ್ನೊಂದಕ್ಕೆ 1 ಮಿಲಿಮೀಟರ್. ಅದನ್ನು ನೂರು ಪಾಲು ಮಾಡಿದರೆ ಏಳು ಪಾಲು. ಕೆಲವು ಬಿಡಿಭಾಗಗಳಲ್ಲಿ ಅಷ್ಟು ವ್ಯತ್ಯಾಸವೂ ಬರಬಾರದಂತೆ. ಈ ಕೆಲಸಕ್ಕೆ ತೋಳಿನ ಬಲಕ್ಕಿಂತ ಲೆಕ್ಕ ಬೇಕು, ತಾಳ್ಮೆ ಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು ನಮ್ಮದು. ನಮ್ಮ ಮಕ್ಕಳಿಗೆ ಇದು ಬಾರದೇ?

"ಕೈ ಹೋದರೆ ಏನು ಗತಿ?" ಎಂದು ಒಬ್ಬ ತಾಯಿ ಕೇಳಿಯೇಬಿಟ್ಟಳು. ಬಾಗಿಲು ಮುಚ್ಚದೆ ಆ ಯಂತ್ರ ಕೊರೆಯುವುದಿಲ್ಲ ಎಂದು ತೋರಿಸಿದರು. ಹಳೆಯ ಲೇತ್ ಯಂತ್ರ ಹಾಗಲ್ಲ, ತೆರೆದೇ ಇರುತ್ತದೆ. ಅದರ ಹತ್ತಿರ ಬಳೆ, ದುಪಟ್ಟಾ, ಬಿಚ್ಚಿದ ಜಡೆ ಕೂಡದು. ನಮ್ಮ ಹೆದರಿಕೆ ಪೂರ್ತಿ ಹೋಗಲಿಲ್ಲ, ಸುಳ್ಳೇಕೆ ಹೇಳಬೇಕು.

ಐಟಿಐನಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಕಲಿಯಲು 2 ವರ್ಷ. 2022ರಲ್ಲಿ ಕರ್ನಾಟಕದ 150 ಐಟಿಐಗಳನ್ನು ಹೊಸ ಯಂತ್ರ ಹಾಕಿ ಮೇಲ್ದರ್ಜೆಗೆ ತಂದರು. ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಕೇಂದ್ರಗಳೂ ಇವೆ. ಮೊದಲನೆಯದು 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಅಲ್ಲಿ ಹತ್ತನೇ ತರಗತಿ ಆದವರಿಗೆ ಅಚ್ಚು ಮಾಡುವ ಡಿಪ್ಲೊಮಾ ಇದೆ. ನಾವು ನೀರು ತರುವ ಪ್ಲಾಸ್ಟಿಕ್ ಕೊಡಗಳು ಒಂದೇ ಅಳತೆಗೆ ಬರುವುದು ಅಚ್ಚಿನಿಂದಲೇ. ಡಿಪ್ಲೊಮಾ ಒಟ್ಟು 4 ವರ್ಷ. ಕೊನೆಯ 1 ವರ್ಷ ಕಾರ್ಖಾನೆಯಲ್ಲೇ ತರಬೇತಿ.

ಒಂದು ಮಾತು. ಎಲ್ಲ ಕೆಲಸವೂ ಕಾಯಂ ಅಲ್ಲ. ಗುತ್ತಿಗೆಗೆ ತೆಗೆದುಕೊಳ್ಳುವವರೂ ಇದ್ದಾರೆ. ಸಂಬಳ ಎಷ್ಟು, ಪಿಎಫ್ ಇದೆಯೇ, ರಾತ್ರಿ ಪಾಳಿ ಇದ್ದರೆ ವಾಹನ ಕಳಿಸುತ್ತಾರೆಯೇ? ಕೇಳಬೇಕು. ಕಾಗದ ಓದಿ ನೋಡದೆ ಸಹಿ ಹಾಕಬಾರದು.

ನಮ್ಮ ಕೇಂದ್ರದ ಒಬ್ಬಳ ಮಗಳು ಮೆಷಿನಿಸ್ಟ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. "ಹೆಣ್ಣುಮಗಳಿಗೆ ಕಬ್ಬಿಣದ ಕೆಲಸವೇ?" ಅಂತಾನೆ ಅಪ್ಪ. ಇನ್ನೂ ಹೂಂ ಅಂದಿಲ್ಲ. ಅರ್ಜಿಗೆ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಬೇಕು. ಯಾವುದು ಇದೆ, ಯಾವುದು ಇಲ್ಲ ಅಂತ ತಾಯಿಯೇ ಓದಿ ಗುರುತು ಹಾಕಿಕೊಂಡಿದ್ದಾಳೆ. ಆದಾಯದ್ದು ಒಂದು ಬಾಕಿ. ಸೋಮವಾರ ನಾಡಕಚೇರಿಗೆ ಹೋಗುತ್ತಾಳೆ. ನಾವೂ ಇಬ್ಬರು ಜೊತೆಗೆ ಹೋಗುತ್ತೇವೆ.