ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಮೊದಲ ತುತ್ತು ಯಾವಾಗ?

1. ಲೆಕ್ಕ ಹಿಡಿಯಬೇಕಾದ್ದು ಹುಟ್ಟಿದ ದಿನದಿಂದಲ್ಲ, ಡ್ಯೂ ಡೇಟಿನಿಂದ. ತಾಯಿ ಕಾರ್ಡ್ ತೆಗೆದು ನೋಡಿ. ಮಾರ್ಚ್ 1ಕ್ಕೆ ಹುಟ್ಟಬೇಕಿದ್ದ ಮಗು 8 ವಾರ ಮುಂಚೆ, ಜನವರಿ 4ಕ್ಕೇ ಹುಟ್ಟಿದ್ದರೆ ಅದಕ್ಕೆ ಆರು ತಿಂಗಳು ತುಂಬುವುದು ಜುಲೈನಲ್ಲಲ್ಲ, ಸೆಪ್ಟೆಂಬರ್ 1ಕ್ಕೆ. ಡಾಕ್ಟರುಗಳು ಕರೆಕ್ಟೆಡ್ ಏಜ್ ಅನ್ನುವುದು ಇದನ್ನೇ.

2. ಈ ಲೆಕ್ಕದ ಆರು ತಿಂಗಳವರೆಗೆ ಕಾಯಿರಿ. ಬೇಗ ತಿನ್ನಿಸಿದರೆ ಬೇಗ ಮೈತುಂಬಿಕೊಳ್ಳುತ್ತದೆ ಎಂಬ ಆಸೆ ಸಹಜ. ಆದರೆ ನಮ್ಮ ದೇಶದ ಮೂರು ಸರ್ಕಾರಿ ಆಸ್ಪತ್ರೆಗಳಲ್ಲಿ, 34 ವಾರಕ್ಕೂ ಮುಂಚೆ ಹುಟ್ಟಿದ 403 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳಿತು. ನಾಲ್ಕನೇ ತಿಂಗಳಿಗೆ ಶುರು ಮಾಡಿದವರಿಗೂ ಆರಕ್ಕೆ ಶುರು ಮಾಡಿದವರಿಗೂ ವರ್ಷದ ಹೊತ್ತಿಗೆ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬೇಗ ತಿನ್ನಿಸಿದ ಮಕ್ಕಳೇ ಭೇದಿ, ಎದೆಯ ಸೋಂಕು ಎಂದು ಹೆಚ್ಚು ಸಲ ಆಸ್ಪತ್ರೆ ಸೇರಿದ್ದವು.

3. ತಾರೀಖಿನ ಜೊತೆ ಮಗುವನ್ನೂ ನೋಡಿ. ಕತ್ತು ಗಟ್ಟಿಯಾಗಿ ನಿಂತಿದೆಯೇ? ಆಸರೆ ಕೊಟ್ಟರೆ ಕೂರುತ್ತದೆಯೇ? ಚಮಚ ಹತ್ತಿರ ತಂದರೆ ಬಾಯಿ ತೆರೆಯುತ್ತದೆಯೇ? ನಾಲಿಗೆಯಿಂದ ಹೊರಗೇ ತಳ್ಳುತ್ತಿದ್ದರೆ ಕೆಲವು ದಿನ ಬಿಟ್ಟು ಮತ್ತೆ ಕೊಟ್ಟು ನೋಡಿ. ನುಂಗುವಾಗ ಕೆಮ್ಮು ಬಂದರೆ, ಉಸಿರು ಕಟ್ಟಿದಂತಾದರೆ ಅಲ್ಲಿಗೇ ನಿಲ್ಲಿಸಿ ಮಕ್ಕಳ ಡಾಕ್ಟರಿಗೆ ತೋರಿಸಿ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಬಹಳ ದಿನ ಟ್ಯೂಬಿನಲ್ಲೇ ಹಾಲು ಕುಡಿದ ಮಕ್ಕಳ ವಿಷಯದಲ್ಲಿ ಇದನ್ನು ಸಣ್ಣದೆಂದು ಬಿಡಬೇಡಿ.

4. ಅನ್ನಪ್ರಾಶನದ ಮುಹೂರ್ತವನ್ನೂ ಡ್ಯೂ ಡೇಟಿನ ಲೆಕ್ಕಕ್ಕೇ ಇಡಿಸಿ. ಅಜ್ಜಿಯರಿಗೆ ಕಾರಣ ಬಿಡಿಸಿ ಹೇಳಿದರೆ ಒಪ್ಪುತ್ತಾರೆ.

5. ಮೊದಲ ತುತ್ತಿಗೆ, ಮೊಳಕೆ ಕಟ್ಟಿ ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ರಾಗಿಹಿಟ್ಟಿನ ಸರಿಗೆ ಸಾಟಿಯಿಲ್ಲ. ಅಕ್ಕಿ, ಹೆಸರುಬೇಳೆ ಮೆತ್ತಗೆ ಬೇಯಿಸಿ ಮಸೆದದ್ದೂ ಆದೀತು. ಎರಡಕ್ಕೂ ಚೂರು ತುಪ್ಪ ಬೆರೆಸಿ. ಹದ ಮುಖ್ಯ: ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯಬಾರದು, ನಿಧಾನ ಜಾರಬೇಕು. ಬರೀ ಬೇಳೆಕಟ್ಟು ಪುಟ್ಟ ಹೊಟ್ಟೆಯನ್ನು ತುಂಬಿಸುತ್ತದೆಯೇ ಹೊರತು ಮೈಗೆ ಹಿಡಿಯುವುದಿಲ್ಲ. ಮೊದಲಿಗೆ ಎರಡು ಮೂರು ಚಮಚ ಸಾಕು; ಎದೆಹಾಲು ಮುಂದುವರಿಯಲಿ. ಸರಿಯನ್ನು ಬಾಟಲಿಗೆ ಹಾಕಿ ಕುಡಿಸಲೇಬೇಡಿ.

6. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಜೇನಂತೂ ನಾಲಿಗೆಗೆ ಸವರುವಷ್ಟೂ ಬೇಡ.

7. ಊಟ ಶುರುವಾಯಿತೆಂದು ಐರನ್ ಡ್ರಾಪ್ಸ್ ನಿಲ್ಲಿಸಬೇಡಿ. ಮಗು ಕಬ್ಬಿಣಾಂಶವನ್ನು ಬಹುಪಾಲು ಕೂಡಿಟ್ಟುಕೊಳ್ಳುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಸಿಗದೆ ಹೋದದ್ದು ಅದೇ ದಿನಗಳು. ಎಷ್ಟು ಹನಿ, ಎಲ್ಲಿಯವರೆಗೆ ಎಂಬುದನ್ನು ಡಾಕ್ಟರೇ ಹೇಳಬೇಕು.

8. ಡ್ಯೂ ಡೇಟಿನ ಲೆಕ್ಕ ಲಸಿಕೆಗೆ ಅನ್ವಯಿಸುವುದಿಲ್ಲ. ಅದನ್ನು ಹುಟ್ಟಿದ ತಾರೀಖಿನ ಪ್ರಕಾರವೇ, ತಡಮಾಡದೆ ಹಾಕಿಸಿ.